ಫಜ್ ಪೆಡಲ್‌ನ ನಾದ: ಜರ್ಮೇನಿಯಂ ಕೊಡುವುದೆಷ್ಟು, ಸರ್ಕ್ಯೂಟ್ ಕೊಡುವುದೆಷ್ಟು?

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಲ್ಲಿ ಜರ್ಮೇನಿಯಂ ಎಂಬ ಹೆಸರಿಗೆ ದೊಡ್ಡ ಮರ್ಯಾದೆ. ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರ್ ಇದೆ ಎಂದರೆ ಸಾಕು, ಪೆಡಲ್‌ನ ಬೆಲೆ ಏರುತ್ತದೆ. ಫಜ್ ಪೆಡಲ್ ಮಾಡುವ ಕೆಲಸವಾದರೂ ಸರಳ. ಗಿಟಾರ್ ತಂತಿಯ ಕಂಪನವನ್ನು ಹಿಡಿಯುವ ಪಿಕಪ್‌ನಿಂದ ಬರುವ ಸಣ್ಣ ಸಂಕೇತವನ್ನು ಟ್ರಾನ್ಸಿಸ್ಟರ್‌ಗಳು ತಮ್ಮ ಮಿತಿ ಮುಟ್ಟುವವರೆಗೆ ಹಿಗ್ಗಿಸುತ್ತವೆ. ಅಲ್ಲಿಂದ ಮೇಲೆ ಏರಲಾಗದ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಮೂಲ ಸ್ವರದ ಜೊತೆ ಹೊಸ ಉಪಸ್ವರಗಳು ಹುಟ್ಟುತ್ತವೆ. ಇದರಲ್ಲಿ ಜರ್ಮೇನಿಯಂನ ಪಾತ್ರ ನಿಜವಾದದ್ದು. ಆದರೆ ಅದರ ಸುತ್ತ ಬೆಳೆದಿರುವ ನಂಬಿಕೆಗಳಲ್ಲಿ ಹಲವು ಪರೀಕ್ಷೆಗೆ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ 1: ಫಜ್ ನಾದ ಹುಟ್ಟಿದ್ದೇ ಜರ್ಮೇನಿಯಂನಿಂದ.

ಸತ್ಯ: ಆ ನಾದ ಮೊದಲು ಜನಪ್ರಿಯವಾದದ್ದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಕೆಟ್ಟುಹೋದ ಒಂದು ಉಪಕರಣದಿಂದ. 1961ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿಗೆ ಗ್ರೇಡಿ ಮಾರ್ಟಿನ್ ಬೇಸ್ ಗಿಟಾರ್ ನುಡಿಸುವಾಗ ಮಿಕ್ಸಿಂಗ್ ಕನ್ಸೋಲ್‌ನಲ್ಲಿ ದೋಷ ಕಾಣಿಸಿಕೊಂಡು ಧ್ವನಿ ಒರಟಾಗಿ ಒಡೆಯಿತು. ಜನಕ್ಕೆ ಅದು ಹಿಡಿಸಿತು. ಧ್ವನಿಮುದ್ರಣ ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ನಾದವನ್ನು ಬೇಕೆಂದಾಗ ಪಡೆಯುವ ಸರ್ಕ್ಯೂಟ್ ಒಂದನ್ನು ರೆವಿಸ್ ಹಾಬ್ಸ್ ಜೊತೆ ಸೇರಿ ರೂಪಿಸಿದರು. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮೇಸ್ಟ್ರೋ ಫಜ್-ಟೋನ್ ಎಂದು ಮಾರುಕಟ್ಟೆಗೆ ತಂದಿತು. ಒಳಗಿದ್ದದ್ದು ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಬಳಸಿದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಆ ದಿನಗಳಲ್ಲಿ ಅಗ್ಗವಾಗಿ, ಸುಲಭವಾಗಿ ಸಿಗುತ್ತಿದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರ್ ಆದ್ದರಿಂದ ಅದೇ ಒಳಗೆ ಬಂತು.

ತಪ್ಪು ಕಲ್ಪನೆ 2: ಜರ್ಮೇನಿಯಂ ಎಂದರೆ ಮೃದು, ಸಿಲಿಕಾನ್ ಎಂದರೆ ಕರ್ಕಶ.

ಸತ್ಯ: ವ್ಯತ್ಯಾಸ ಇದೆ, ಕಾರಣ ಬೇರೆ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ತಂದ ಫಜ್ ಫೇಸ್ ಪೆಡಲನ್ನೇ ನೋಡಿ. ಒಳಗೆ ಎರಡು ಟ್ರಾನ್ಸಿಸ್ಟರ್, ಕೆಲವೇ ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳು, ಎರಡು ಗುಂಡಿಗಳು, ಅಷ್ಟೆ. ಇದಕ್ಕೆ ಹೊಂದುವ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳ ವರ್ಧನೆ, ಅಂದರೆ ಹಿಗ್ಗಿಸುವ ಪ್ರಮಾಣ, ಸುಮಾರು 70ರಿಂದ 130. ನಂತರ ಬಂದ ಸಿಲಿಕಾನ್ ಮಾದರಿಗಳಲ್ಲಿನ ಬಿಸಿ108ಸಿಯಂಥ ಟ್ರಾನ್ಸಿಸ್ಟರ್‌ನ ವರ್ಧನೆ 400ರಿಂದ 800ರವರೆಗೂ ಹೋಗುತ್ತದೆ. ಹೆಚ್ಚು ಹಿಗ್ಗಿದ ಅಲೆ ಬೇಗ ಮತ್ತು ಕಡಿದಾಗಿ ಚಪ್ಪಟೆಯಾಗುತ್ತದೆ, ಕಿವಿಗೆ ಹರಿತವಾಗಿ ಕೇಳುತ್ತದೆ. ಇನ್ನೊಂದು ಕಾರಣ, ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು ಎತ್ತರದ ಕಂಪನಗಳನ್ನು ಒಂದಿಷ್ಟು ನುಂಗುತ್ತವೆ. ಕಡಿಮೆ ವರ್ಧನೆಯ ಸಿಲಿಕಾನ್ ಟ್ರಾನ್ಸಿಸ್ಟರ್ ಆರಿಸಿ, ಅದಕ್ಕೊಂದು ಪುಟ್ಟ ಕೆಪಾಸಿಟರ್ ಸೇರಿಸಿ ನೋಡಿ: ಎರಡರ ಅಂತರ ಬಹಳಷ್ಟು ಕಿರಿದಾಗುತ್ತದೆ.

ತಪ್ಪು ಕಲ್ಪನೆ 3: ಮಹಾನ್ ಗಿಟಾರ್ ವಾದಕರೆಲ್ಲ ಜರ್ಮೇನಿಯಂ ಫಜ್ ಮಾತ್ರ ಬಳಸಿದರು.

ಸತ್ಯ: ಜಿಮಿ ಹೆಂಡ್ರಿಕ್ಸ್ ತಮ್ಮ ಆರಂಭದ ವರ್ಷಗಳಲ್ಲಿ ಜರ್ಮೇನಿಯಂ ಫಜ್ ಫೇಸ್ ನುಡಿಸಿದರು, ಆಮೇಲೆ ಸಿಲಿಕಾನ್ ಮಾದರಿಗೂ ಬಂದರು. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್‌ಗೆ ಬಳಸಿದ್ದು ಸಿಲಿಕಾನ್ ಫಜ್ ಫೇಸ್. ಅಲ್ಲಿನ ದೀರ್ಘ, ತುಂಬು ನಾದವನ್ನು ಕರ್ಕಶವೆಂದು ಕರೆಯುವವರು ವಿರಳ.

ತಪ್ಪು ಕಲ್ಪನೆ 4: ಟ್ರಾನ್ಸಿಸ್ಟರ್ ಮೇಲೆ ಎನ್‌ಕೆಟಿ275 ಅಥವಾ ಎಸಿ128 ಎಂಬ ಮುದ್ರೆ ಇದ್ದರೆ ನಾದ ಖಚಿತ.

ಸತ್ಯ: ಮುದ್ರೆ ಒಂದೇ ಇದ್ದರೂ ಗುಣ ಒಂದೇ ಇರುವುದಿಲ್ಲ. ಒಂದೇ ಡಬ್ಬಿಯ ಎರಡು ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳ ವರ್ಧನೆಯಲ್ಲಿ ದೊಡ್ಡ ಅಂತರ ಇರಬಹುದು. ಜೊತೆಗೆ ಇವುಗಳಲ್ಲಿ ಸೋರಿಕೆ ಹೆಚ್ಚು, ಅಂದರೆ ಸಂಕೇತವೇ ಇಲ್ಲದಾಗಲೂ ಒಂದಿಷ್ಟು ವಿದ್ಯುತ್ ಹರಿಯುತ್ತಲೇ ಇರುತ್ತದೆ. ಸಾಮಾನ್ಯ ಮಲ್ಟಿಮೀಟರ್ ಈ ಸೋರಿಕೆಯನ್ನೂ ವರ್ಧನೆಯೊಳಗೆ ಸೇರಿಸಿ ತೋರಿಸುವುದರಿಂದ ಸೋರುವ ಟ್ರಾನ್ಸಿಸ್ಟರ್ ಬಲಿಷ್ಠವಾದದ್ದೆಂದು ಕಾಣುತ್ತದೆ. ಒಳ್ಳೆಯ ತಯಾರಕರು ಸೋರಿಕೆಯನ್ನು ಬೇರೆಯಾಗಿ ಅಳೆದು ಕಳೆದು, ಹೊಂದುವ ಜೋಡಿಯನ್ನು ಆರಿಸುತ್ತಾರೆ. ಬೆಲೆ ಕೊಡಬೇಕಾದದ್ದು ಆ ಶ್ರಮಕ್ಕೆ.

ವಿದೇಶಿ ಮುದ್ರೆಯ ಮೋಹದ ನಡುವೆ ಒಂದು ಸಂಗತಿ ಮರೆಯಬಾರದು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಕೂಡ 1960ರ ದಶಕದಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಕೆಗೆ ಇಳಿದಿತ್ತು. ಬಿಇಎಲ್ ಮುದ್ರೆಯ ಎಸಿ128 ಸಿಕ್ಕರೆ ಅದನ್ನೂ ಅಳೆದು ನೋಡಿ. ಅಳತೆ ಸರಿ ಬಂದರೆ ಅದು ಯಾವ ಮುದ್ರೆಗೂ ಕಡಿಮೆಯಲ್ಲ.

ತಪ್ಪು ಕಲ್ಪನೆ 5: ಪೆಡಲನ್ನು ಸಾಲಿನಲ್ಲಿ ಎಲ್ಲಿಟ್ಟರೂ ನಡೆಯುತ್ತದೆ.

ಸತ್ಯ: ಫಜ್ ಫೇಸ್ ಜಾತಿಯ ಪೆಡಲ್‌ನ ಜೀವಾಳವೇ ಇಲ್ಲಿದೆ. ಇದರ ಒಳದಾರಿಯ ಪ್ರತಿರೋಧ ಬಹಳ ಕಡಿಮೆ. ಹಾಗಾಗಿ ಅದು ಪಿಕಪ್‌ನಿಂದ ನೇರವಾಗಿ ವಿದ್ಯುತ್ ಸೆಳೆಯುತ್ತದೆ, ಪಿಕಪ್‌ನ ಸುರುಳಿಯೂ ಸರ್ಕ್ಯೂಟ್‌ನ ಒಂದು ಭಾಗವೇ ಆಗಿಬಿಡುತ್ತದೆ. ಗಿಟಾರ್‌ನ ವಾಲ್ಯೂಮ್ ಗುಂಡಿಯನ್ನು 10ರಿಂದ 7ಕ್ಕೆ ಇಳಿಸಿದಾಗ ನಡುವೆ ಹೆಚ್ಚಿನ ಪ್ರತಿರೋಧ ಸೇರಿ, ಟ್ರಾನ್ಸಿಸ್ಟರ್ ಮೇಲಿನ ಒತ್ತಡ ತಗ್ಗುತ್ತದೆ. ಒಡೆದ ನಾದ ತಿಳಿಯಾಗಿ, ಗಂಟೆಯಂತೆ ಮಿನುಗುತ್ತದೆ. ಕಾಲಿನಿಂದ ಪೆಡಲ್ ಮುಟ್ಟದೆಯೇ ಪಲ್ಲವಿಗೆ ತಿಳಿ ನಾದ, ಸೋಲೊಗೆ ಫಜ್ ಎರಡನ್ನೂ ಪಡೆಯಬಹುದು. ಅನೇಕರು ಜರ್ಮೇನಿಯಂನ ಮಾಯೆ ಎಂದು ಮೆಚ್ಚುವುದು ಇದನ್ನೇ. ಗಿಟಾರ್ ಮತ್ತು ಫಜ್ ನಡುವೆ ಒಂದು ಬಫರ್ (ಸಂಕೇತವನ್ನು ಬೇರ್ಪಡಿಸಿ ಮುಂದೆ ಸಾಗಿಸುವ ಸರ್ಕ್ಯೂಟ್), ಅಥವಾ ಬಫರ್ ಇರುವ ಟ್ಯೂನರ್ ಬಂದರೆ ಪಿಕಪ್ ಮತ್ತು ಫಜ್‌ನ ಈ ನೇರ ಸಂಬಂಧ ಕಡಿದುಹೋಗುತ್ತದೆ. ನಾದ ತೆಳುವಾಗಿ ಚುಚ್ಚತೊಡಗುತ್ತದೆ. ಆದ್ದರಿಂದ ಗಿಟಾರ್‌ನ ನಂತರದ ಮೊದಲ ಸ್ಥಾನ ಇದಕ್ಕೇ ಇರಲಿ.

ತಪ್ಪು ಕಲ್ಪನೆ 6: ನಾದ ಬದಲಾಯಿತೆಂದರೆ ಪೆಡಲ್ ಕೆಟ್ಟಿದೆ.

ಸತ್ಯ: ಬಿಸಿಲು ಕಾರಣವಿರಬಹುದು. ಜರ್ಮೇನಿಯಂನ ಸೋರಿಕೆ ಉಷ್ಣತೆ ಸುಮಾರು 10 ಡಿಗ್ರಿ ಏರಿದಾಗಲೆಲ್ಲ ಇಮ್ಮಡಿಯಾಗುತ್ತದೆ. 20 ಡಿಗ್ರಿಯ ಸ್ಟುಡಿಯೊದಲ್ಲಿ ಹದಗೊಳಿಸಿದ ಪೆಡಲನ್ನು ಮೇ ತಿಂಗಳ ಕಲಬುರಗಿಯ 40 ಡಿಗ್ರಿಯ ಬಯಲು ವೇದಿಕೆಗೆ ಒಯ್ದರೆ ಸೋರಿಕೆ ನಾಲ್ಕು ಪಟ್ಟಾಗಿರುತ್ತದೆ. 9 ವೋಲ್ಟ್ ಬ್ಯಾಟರಿಯಲ್ಲಿ ಎರಡನೆಯ ಟ್ರಾನ್ಸಿಸ್ಟರ್ ಸುಮಾರು 4.5 ವೋಲ್ಟ್‌ನಲ್ಲಿ ನಿಲ್ಲಬೇಕು. ಅದು ಜಾರಿದರೆ ಸ್ವರ ಮಧ್ಯೆ ಮಧ್ಯೆ ಉಗುಳಿದಂತೆ ತುಂಡಾಗುತ್ತದೆ. ತಂಪಾದರೆ ಮತ್ತೆ ಸರಿಹೋಗುತ್ತದೆ. ಈ ವೋಲ್ಟೇಜನ್ನು (ಬಯಾಸ್) ಹೊರಗಿನಿಂದ ತಿದ್ದುವ ಗುಂಡಿ ಇರುವ ಪೆಡಲ್‌ಗಳು ನಮ್ಮ ಹವೆಗೆ ಹೆಚ್ಚು ಸೂಕ್ತ.

ತಪ್ಪು ಕಲ್ಪನೆ 7: ಯಾವ ಅಡಾಪ್ಟರ್ ಆದರೂ ಸರಿ.

ಸತ್ಯ: ಹಳೆಯ ಜರ್ಮೇನಿಯಂ ಫಜ್‌ಗಳಲ್ಲಿ ಹೆಚ್ಚಿನವು ಪಿಎನ್‌ಪಿ ಟ್ರಾನ್ಸಿಸ್ಟರ್‌ನವು. ಬ್ಯಾಟರಿಯ ಧನ ತುದಿ ಅವುಗಳ ಗ್ರೌಂಡ್. ಉಳಿದ ಹೆಚ್ಚಿನ ಪೆಡಲ್‌ಗಳಲ್ಲಿ ಗ್ರೌಂಡ್ ಆಗಿರುವುದು ಋಣ ತುದಿ. ಎರಡನ್ನೂ ಒಂದೇ ಅಡಾಪ್ಟರ್‌ನ ಸರಣಿ ವೈರಿಗೆ ಜೋಡಿಸಿದರೆ ಶಾರ್ಟ್ ಆಗುತ್ತದೆ. ಬ್ಯಾಟರಿಯೇ ಸುಲಭದ ದಾರಿ. ಈ ಸರ್ಕ್ಯೂಟ್ ಎಳೆಯುವುದು 1 ಮಿಲಿಆಂಪ್‌ನ ಆಸುಪಾಸು ಮಾತ್ರ, ಒಂದು ಬ್ಯಾಟರಿ ಬಹುಕಾಲ ಬಾಳುತ್ತದೆ.

ಒಟ್ಟಿನಲ್ಲಿ ಈ ನಾದ ಟ್ರಾನ್ಸಿಸ್ಟರ್, ಬಯಾಸ್, ಪಿಕಪ್, ವಾದಕರ ಕೈ ಎಲ್ಲವೂ ಸೇರಿ ಕಟ್ಟುವಂಥದ್ದು. ಕೊಳ್ಳಲು ಹೋದಾಗ ಟ್ರಾನ್ಸಿಸ್ಟರ್‌ನ ಹೆಸರು ಕೇಳುವ ಮೊದಲು ನಿಮ್ಮದೇ ಗಿಟಾರ್ ಜೋಡಿಸಿ, ವಾಲ್ಯೂಮ್ ಗುಂಡಿಯನ್ನು ನಿಧಾನವಾಗಿ ಇಳಿಸಿ. ನಾದ ಜೀವ ಕಳೆದುಕೊಳ್ಳದೆ ತಿಳಿಯಾದರೆ ಆ ಪೆಡಲ್ ಕೊಳ್ಳಲು ಯೋಗ್ಯ, ಒಳಗಿರುವುದು ಜರ್ಮೇನಿಯಂ ಆಗಿರಲಿ, ಸಿಲಿಕಾನ್ ಆಗಿರಲಿ.