ಚರ್ಮಗಂಟು ರೋಗಕ್ಕೆ ವೀಳ್ಯದೆಲೆಯ ಮದ್ದು

ಯೆರವಡಾದಲ್ಲಿ ನೆಲೆಸಿರುವ ನಮ್ಮಲ್ಲಿ ಹಲವರ ದನಕರುಗಳು ಇಂದಿಗೂ ಬೆಳಗಾವಿ, ವಿಜಯಪುರದ ಕಡೆಯ ಊರಮನೆಗಳಲ್ಲಿವೆ. 2022ರಲ್ಲಿ ಮಹಾರಾಷ್ಟ್ರ, ಕರ್ನಾಟಕಗಳೆರಡರಲ್ಲೂ ಚರ್ಮಗಂಟು ರೋಗ ಹಬ್ಬಿದಾಗ ವೀಳ್ಯದೆಲೆ, ಕರಿಮೆಣಸು, ಉಪ್ಪು ಅರೆದು ಬೆಲ್ಲ ಬೆರೆಸಿ ತಿನ್ನಿಸುವ ಮದ್ದು ಬಹಳ ಪ್ರಚಾರ ಪಡೆಯಿತು. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಅದನ್ನು ಸೂಚಿಸಿತ್ತು. ತಿನ್ನಿಸಿದೆವು, ಗುಣವಾಯಿತು ಎನ್ನುವವರ ಮಾತು ಸುಳ್ಳಲ್ಲ. ಆದರೆ ಈ ರೋಗ ತಗುಲಿದ ದನಗಳಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಹಾಗಾದರೆ ಗುಣಪಡಿಸಿದ್ದು ಎಲೆಯೋ, ಕಾಲವೋ?

ತಿಳಿಯಬೇಕಾದರೆ ರೋಗ ಬಂದ ನೂರಾರು ದನಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಆರೈಕೆ ಎರಡಕ್ಕೂ ಸಮ, ಮದ್ದು ಒಂದಕ್ಕೆ ಮಾತ್ರ. ಗಂಟುಗಳನ್ನು ಎಣಿಸುವವರಿಗೆ ಯಾವ ದನ ಯಾವ ಗುಂಪಿನದೆಂದು ಗೊತ್ತಿರಬಾರದು. (ನಮ್ಮ ಅಜ್ಜಿಯಂದಿರು ಇದಕ್ಕೆ ಒಪ್ಪುತ್ತಿದ್ದರೆಂದು ತೋರದು!) ರೋಗ ಅಂಟುವಂಥದಾದ್ದರಿಂದ ಪರೀಕ್ಷೆಯೂ ಎಚ್ಚರದಿಂದ ನಡೆಯಬೇಕು. 1889ರಲ್ಲಿ ನಮ್ಮ ಪುಣೆಯಲ್ಲೇ ಆರಂಭವಾದ ಜಾನುವಾರು ರೋಗಗಳ ಇಂಪೀರಿಯಲ್ ಪ್ರಯೋಗಾಲಯವನ್ನು ಈ ಭಯದಿಂದಲೇ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಒಯ್ದರು.

ಎಲೆ ತಿನ್ನಿಸುವವರು ತಿನ್ನಿಸಲಿ. ಆದರೆ ಅದನ್ನೇ ನಂಬಿ ಕೂರುವುದು ಅಪಾಯ. ರೋಗದ ದನವನ್ನು ಬೇರೆ ಕಟ್ಟಿ, ಸೊಳ್ಳೆ, ನೊಣ, ಉಣ್ಣೆಗಳನ್ನು ತಡೆದು, ಪಶುವೈದ್ಯರನ್ನು ಕರೆಸುವಂತೆಯೂ, ಉಳಿದ ದನಗಳಿಗೆ ಲಸಿಕೆ ಹಾಕಿಸುವಂತೆಯೂ ಊರಿಗೆ ಫೋನ್ ಮಾಡಿದಾಗ ತಪ್ಪದೆ ತಿಳಿಸಿರಿ.