ಕೆರೆಯ ಹೂಳು ಹೊಲಕ್ಕೆ ಹೋಗುವ ಮುನ್ನ

ಬೇಸಿಗೆಯಲ್ಲಿ ಕೆರೆಯ ನೀರು ತಳ ಕಂಡಿತೆಂದರೆ ಬಯಲುಸೀಮೆಯ ರೈತರಿಗೆ ಹಿಂದೆ ಒಂದು ಕೆಲಸ ಕಾದಿರುತ್ತಿತ್ತು. ಎತ್ತಿನ ಗಾಡಿ ಹೂಡಿಕೊಂಡು ಕೆರೆಯಂಗಳಕ್ಕೆ ಇಳಿದು, ಬಿರುಕು ಬಿಟ್ಟ ಕಪ್ಪು ಗೋಡುಮಣ್ಣನ್ನು ತುಂಬಿ ತಂದು ಹೊಲಕ್ಕೆ ಹರಡುತ್ತಿದ್ದರು. ಕೆಂಪು ಮರಳುಮಣ್ಣಿನ ಹೊಲಕ್ಕೆ ಆ ಗೋಡು ಬಿದ್ದರೆ ತೇವ ಹೆಚ್ಚು ದಿನ ನಿಲ್ಲುತ್ತಿತ್ತು. ರಾಗಿ ಹುಲುಸಾಗಿ ಬರುತ್ತಿತ್ತು. ಕೆರೆಯ ಹೊರೆ ಇಳಿಯುತ್ತಿತ್ತು, ಹೊಲದ ಸಿರಿ ಹೆಚ್ಚುತ್ತಿತ್ತು.

ಈಗ ಗಾಡಿಯ ಜಾಗಕ್ಕೆ ಟ್ರ್ಯಾಕ್ಟರು, ಗುದ್ದಲಿಯ ಜಾಗಕ್ಕೆ ಜೆಸಿಬಿ ಬಂದಿವೆ. ಜೊತೆಗೆ ಹೂಳೂ ಬದಲಾಗಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಒಂದು ಕಾಲಕ್ಕೆ ಮಳೆನೀರು ಮಾತ್ರ ಬರುತ್ತಿದ್ದ ಎಷ್ಟೋ ಕೆರೆಗಳಿಗೆ ಈಗ ಊರಿನ ಚರಂಡಿ, ಕಾರ್ಖಾನೆಯ ಕಾಲುವೆ, ಹೆದ್ದಾರಿಯ ಎಣ್ಣೆ-ದೂಳು ಸೇರುತ್ತಿವೆ. ಅಂಥ ಕೆರೆಯ ಗೋಡು ನಮ್ಮ ಅಜ್ಜಂದಿರು ಹೊತ್ತು ತಂದ ಗೋಡಲ್ಲ. ಅದನ್ನು ಹೊಲಕ್ಕೆ ಹಾಕಬಹುದೆ? ಬೇರೆಲ್ಲಾದರೂ ಸುರಿಯಬೇಕೆ? ಇಲ್ಲವೇ ಇದ್ದಲ್ಲೇ ಬಿಡುವುದು ಮೇಲೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವ ಒಂದು ವಿಜ್ಞಾನವೇ ಬೆಳೆದಿದೆ. ಕೆರೆಯಂಚಿನ ಊರುಗಳ ಪ್ರತಿ ಮನೆಗೂ ಅದು ಸಂಬಂಧಿಸಿದ್ದು.

ನೀರು ಮರೆತರೂ ಮಣ್ಣು ಮರೆಯದು

ಕೆರೆಯ ನೀರು ಹರಿದು ಹೋಗುತ್ತದೆ, ಆವಿಯಾಗುತ್ತದೆ, ಮರುವರ್ಷ ಹೊಸದಾಗಿ ತುಂಬುತ್ತದೆ. ತಳದ ಮಣ್ಣು ಹಾಗಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸದಂಥ ಲೋಹಗಳೂ ಕೆಲವು ಎಣ್ಣೆ, ಕೀಟನಾಶಕಗಳೂ ನೀರಿನಲ್ಲಿ ಬಹಳ ಕಾಲ ತೇಲಿಕೊಂಡಿರುವುದಿಲ್ಲ. ಜೇಡಿಯ ನುಣ್ಣನೆಯ ಕಣಗಳಿಗೆ, ಕೊಳೆತ ಸೊಪ್ಪು-ಸದೆಗೆ ಅಂಟಿಕೊಂಡು ಮೆಲ್ಲಗೆ ತಳಕ್ಕೆ ಇಳಿಯುತ್ತವೆ. ವರ್ಷ ವರ್ಷ ಪದರದ ಮೇಲೆ ಪದರ ಕೂರುತ್ತದೆ. ಮರಳಿಗಿಂತ ಜೇಡಿಗೆ ಈ ಹಿಡಿದಿಡುವ ಗುಣ ಹೆಚ್ಚು. ಹೊಲಕ್ಕೆ ಗೋಡನ್ನು ಬೆಲೆಯುಳ್ಳದ್ದಾಗಿ ಮಾಡುವುದೂ ಇದೇ ಗುಣ, ವಿಷವನ್ನು ಕೂಡಿಡುವುದೂ ಇದೇ ಗುಣ.

ಹಾಗಾಗಿ ಮೇಲಿನ ನೀರು ತಿಳಿಯಾಗಿದೆ ಎಂದ ಮಾತ್ರಕ್ಕೆ ಕೆರೆ ಶುದ್ಧವಾಯಿತೆಂದು ಹೇಳುವಂತಿಲ್ಲ. ಚರಂಡಿಯನ್ನು ಇಂದೇ ಬಂದ್ ಮಾಡಿದರೂ ಮೂವತ್ತು ವರ್ಷದ ಲೆಕ್ಕ ತಳದಲ್ಲಿ ಉಳಿದಿರುತ್ತದೆ. ಕೊಳಚೆ ತುಂಬಿದ ಕೆರೆಯ ತಳದಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ಗಂಧಕ ಹಲವು ಲೋಹಗಳನ್ನು ಕಟ್ಟಿಹಾಕಿಕೊಂಡು ಕಪ್ಪು ಸಲ್ಫೈಡ್ ಆಗಿ ಕೂರಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಇದ್ದಿಲಿನಂಥ ಬಣ್ಣ ಬರುವುದು ಈ ಗಂಧಕದಿಂದಲೇ. ಕಲಕದೆ ಬಿಟ್ಟರೆ ಅವು ಬಹುಮಟ್ಟಿಗೆ ಅಲ್ಲೇ ಇರುತ್ತವೆ. ಕಲಕಿದಾಗ, ಹೊರತೆಗೆದು ಗಾಳಿ-ಬಿಸಿಲಿಗೆ ಒಣಗಿಸಿದಾಗ ಸಲ್ಫೈಡ್ ಮುರಿದು ಲೋಹಗಳು ಬಿಡುಗಡೆಯಾಗುತ್ತವೆ. ರಂಜಕದ ಕಥೆ ಇದಕ್ಕೆ ತಿರುವುಮುರುವು. ಆಮ್ಲಜನಕ ಇಲ್ಲದಿದ್ದಾಗಲೇ ಅದು ಹೂಳಿನಿಂದ ಮೇಲೆದ್ದು ಅಂತರಗಂಗೆಗೆ, ಪಾಚಿಗೆ ಗೊಬ್ಬರವಾಗುತ್ತದೆ. ಪ್ರತಿ ವರ್ಷ ಕಳೆ ತೆಗೆಸಿದರೂ ಮತ್ತೆ ಮತ್ತೆ ಕೆರೆ ಹಸಿರಾಗಲು ಇದೂ ಒಂದು ಕಾರಣ.

ಅರ್ಕಾವತಿಯ ದಾರಿಯಲ್ಲಿ

ನಂದಿಬೆಟ್ಟದ ಬಳಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ಒಂದರ ಹಿಂದೊಂದು ತುಂಬಿಸುತ್ತ 1894ರಲ್ಲಿ ಕಟ್ಟಿದ ಹೆಸರಘಟ್ಟ ಕೆರೆಯತ್ತ ಸಾಗುವ ನದಿ. ಮುಂದೆ ತಿಪ್ಪಗೊಂಡನಹಳ್ಳಿ ದಾಟಿ ಕನಕಪುರದ ಆಚೆಯ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಬೆಂಗಳೂರಿಗೆ ಮೊದಲು ನಲ್ಲಿ ನೀರು ಕೊಟ್ಟದ್ದೇ ಈ ನದಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಮೇಲಿನ ಕೆರೆಗೆ ಬಿದ್ದ ಕೊಳೆಗೂ ಅದೇ ದಾರಿ.

ದೊಡ್ಡಬಳ್ಳಾಪುರ ನಗರದ ಕೊಳಚೆಯೂ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಸೇರಿ ಕುಡಿಯುವ ನೀರೇ ಕೆಟ್ಟಿದೆ ಎಂದು ದೊಡ್ಡತುಮಕೂರು, ಮಜರಾಹೊಸಹಳ್ಳಿ ಗ್ರಾಮ ಪಂಚಾಯಿತಿಗಳ ಜನ ವರ್ಷಗಳಿಂದ ದೂರುತ್ತ, ಹೋರಾಡುತ್ತ ಬಂದಿದ್ದಾರೆ. ಕೊಳಚೆಯನ್ನು ಮೂರನೇ ಹಂತದವರೆಗೂ ಶುದ್ಧೀಕರಿಸಿ ಎಂಬುದು ಅವರ ಬೇಡಿಕೆಗಳಲ್ಲೊಂದು. ಈ ಹೋರಾಟದಲ್ಲಿ ನೀರಿನ ಮಾತು ಬೇಕಾದಷ್ಟು ಬಂದಿದೆ. ನೀರು ಶುದ್ಧವಾದ ದಿನವೂ ಉಳಿಯಲಿರುವ ಹೂಳಿನ ಮಾತು ಅಷ್ಟಾಗಿ ಬಂದಿಲ್ಲ.

ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳು ಆ ಮಾತನ್ನು ನಮ್ಮ ಮುಂದೆ ತಂದು ನಿಲ್ಲಿಸಿವೆ. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿದ ಚಿತ್ರ ದೇಶವೆಲ್ಲ ನೋಡಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಧ್ಯೆ ಬಂದ ಮೇಲೆ ಹೂಳೆತ್ತುವ ಕೆಲಸ ಶುರುವಾಯಿತು. ಆಗ ಎದ್ದ ದೊಡ್ಡ ಪ್ರಶ್ನೆ, ಲಕ್ಷಗಟ್ಟಲೆ ಘನಮೀಟರ್ ಹೂಳನ್ನು ಎಲ್ಲಿ ಹಾಕುವುದು ಎಂಬುದು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಈ ಕೆರೆಗಳ ನೀರಿನ ಜೊತೆಗೆ ತಳದ ಲೋಹಗಳನ್ನೂ ಅಳೆದಿತ್ತು.

ಹೆಬ್ಬಾಳ-ನಾಗವಾರ ಕಣಿವೆಯಲ್ಲಿ ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರನ್ನು ದೇವನಹಳ್ಳಿಯ ಕೆಲವು ಕೆರೆಗಳಿಗೂ ಚಿಕ್ಕಬಳ್ಳಾಪುರದ ಕೆರೆಗಳಿಗೂ ತುಂಬಿಸುವ ಯೋಜನೆ ಬಂದಿದೆ. ಬತ್ತಿದ ಬೋರುಗಳಿಗೆ ನೀರು ಬಂದರೆ ಸಂತೋಷವೇ. ಆದರೆ ಎರಡನೇ ಹಂತದ ಶುದ್ಧೀಕರಣ ಇರುವುದು ಮುಖ್ಯವಾಗಿ ಕೊಳೆಯುವ ವಸ್ತುವನ್ನು ತೆಗೆಯಲು. ಲೋಹಗಳನ್ನೂ ರಂಜಕವನ್ನೂ ಪೂರ್ತಿ ತೆಗೆಯಲು ಅಲ್ಲ. ಹಾಗಾಗಿ ಈ ಕೆರೆಗಳ ಹೂಳನ್ನು ಕೆಲವು ವರ್ಷಕ್ಕೊಮ್ಮೆ ಪರೀಕ್ಷಿಸುವುದು ವಿವೇಕ.

ಮೂರು ಸಾಕ್ಷಿಗಳು

ಹೂಳನ್ನು ಪರೀಕ್ಷಿಸುವುದು ಹೇಗೆ? ದಡದಲ್ಲಿ ನಿಂತು ಒಂದು ಹಿಡಿ ಕೆಸರು ತುಂಬಿಕೊಂಡರೆ ಸಾಲದು. ಕಾಲುವೆ ಕೆರೆಗೆ ಸೇರುವ ಬಾಯಿ, ಕೆರೆಯ ನಡುಮಧ್ಯ, ತೂಬಿನ ಹತ್ತಿರ, ಹೀಗೆ ಹಲವು ಕಡೆ ಮಾದರಿ ತೆಗೆಯಬೇಕು. ಮೇಲಿನ ಪದರ ಸಾಕೆಂದರೆ ಬಾಯಿ ಮುಚ್ಚಿಕೊಳ್ಳುವ ಬುಟ್ಟಿಯಂಥ ಉಪಕರಣ ಬಿಡುತ್ತಾರೆ. ಇತಿಹಾಸವೂ ಬೇಕೆಂದರೆ ಉದ್ದನೆಯ ಕೊಳವೆಯನ್ನು ತಳಕ್ಕೆ ಒತ್ತಿ, ಬಾಳೆದಿಂಡಿನಂತೆ ಒಂದು ಕಂಬ ಹೊರತೆಗೆಯುತ್ತಾರೆ. ಕಲಕದೆ ಕುಳಿತ ಕೆರೆಯಲ್ಲಿ ಅದರ ಯಾವ ಪದರ ಎಷ್ಟು ಹಳೆಯದು ಎಂದು ಹೇಳುವ ಗಡಿಯಾರಗಳೂ ಇವೆ. ಅರ್ಧಾಯುಷ್ಯ ಸುಮಾರು 22 ವರ್ಷವಿರುವ ಸೀಸ-210 ಒಂದು. ಅಣುಬಾಂಬ್ ಪರೀಕ್ಷೆಗಳ ದೂಳು ಹೆಚ್ಚಾಗಿ ಬಿದ್ದ 1963ರ ಸುಮಾರಿನ ಪದರವನ್ನು ಗುರುತಿಸುವ ಸೀಸಿಯಂ-137 ಇನ್ನೊಂದು.

ಪ್ರಯೋಗಾಲಯದಿಂದ ಬಂದ ಸಂಖ್ಯೆಯನ್ನು ಯಾವುದಕ್ಕೆ ಹೋಲಿಸುವುದು? ನಮ್ಮ ಸಂಶೋಧಕರು ಸಾಮಾನ್ಯವಾಗಿ ಹೊರದೇಶದ ಅಳತೆಗಳನ್ನು ಬಳಸುತ್ತಾರೆ. ಕೆನಡಾ ಮತ್ತು ಅಮೆರಿಕದ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಒಂದು ಪಟ್ಟಿಯಲ್ಲಿ ಪ್ರತಿ ಲೋಹಕ್ಕೂ ಎರಡು ಗೆರೆಗಳಿವೆ. ಒಂದು ಕಿಲೋ ಒಣ ಹೂಳಿನಲ್ಲಿ ಸೀಸ 35.8 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ತಳದ ಜೀವಿಗಳಿಗೆ ತೊಂದರೆ ಅಪರೂಪ. 128 ದಾಟಿದರೆ ತೊಂದರೆಯ ಸಂಭವ ಹೆಚ್ಚು. ಕ್ಯಾಡ್ಮಿಯಂಗೆ ಈ ಗೆರೆಗಳು 0.99 ಮತ್ತು 4.98, ಕ್ರೋಮಿಯಂಗೆ 43.4 ಮತ್ತು 111. ನೆನಪಿಡಬೇಕಾದ್ದು, ಇವು ಕೆರೆಯ ಹುಳು-ಹುಪ್ಪಟೆಗಳಿಗೆ ಹಾಕಿದ ಗೆರೆಗಳು. ಹೊಲಕ್ಕೆ ಹಾಕಬಹುದೆಂಬ ಅಪ್ಪಣೆ ಚೀಟಿಯಲ್ಲ. ಅಲ್ಲದೆ ಕೆಲವು ಸೀಮೆಯ ಕಲ್ಲಿನಲ್ಲೇ ಕ್ರೋಮಿಯಂ, ನಿಕ್ಕೆಲ್ ಸಹಜವಾಗಿ ಹೆಚ್ಚಿರುತ್ತವೆ. ಆದ್ದರಿಂದ ಚರಂಡಿ ಸೋಕದ ಪಕ್ಕದ ಕೆರೆಯ ಮಣ್ಣನ್ನೂ ತಂದು ಹೋಲಿಸಿ ನೋಡಬೇಕು.

ಲೋಹ ಎಷ್ಟಿದೆ ಎಂಬುದು ಮೊದಲ ಸಾಕ್ಷಿ ಮಾತ್ರ. ಎರಡನೆಯದು, ಆ ಹೂಳಿನಲ್ಲಿ ಜೀವಿಗಳನ್ನು ಬಿಟ್ಟು ಬದುಕುತ್ತವೆಯೇ ನೋಡುವುದು. ಮೂರನೆಯದು, ಕೆರೆಯ ತಳದಲ್ಲಿ ಈಗ ಏನೇನು ವಾಸಿಸುತ್ತಿವೆ ಎಂದು ಎಣಿಸುವುದು. ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿಗಳು ಮಾಯವಾಗಿ ಕೆಂಪು ಹುಳುಗಳಷ್ಟೇ ಉಳಿದಿದ್ದರೆ ಅದೂ ಒಂದು ವರದಿಯೇ. ಮೂರೂ ಸಾಕ್ಷಿಗಳು ಒಂದೇ ಮಾತು ಹೇಳಿದಾಗ ತೀರ್ಪು ಸುಲಭ. ಹೇಳದಿದ್ದಾಗ ಇನ್ನಷ್ಟು ಹುಡುಕಬೇಕು.

ತೆಗೆಯುವುದೋ, ಬಿಡುವುದೋ?

ಕೆಟ್ಟ ಹೂಳಿದೆ ಎಂದು ಗೊತ್ತಾದ ಕೂಡಲೇ ಜೆಸಿಬಿ ಕರೆಸುವುದು ಸರಿಯಾದ ಮೊದಲ ಹೆಜ್ಜೆಯಲ್ಲ. ಮೊದಲು ಕೊಳೆ ಬರುವ ಬಾಯಿ ಕಟ್ಟಬೇಕು. ನಲ್ಲಿ ತಿರುಗಿಸಿ ಬಿಟ್ಟು ನೆಲ ಒರೆಸಿದರೆ ಏನು ಪ್ರಯೋಜನ? ಆಮೇಲೆ ಮೂರು ದಾರಿಗಳಿವೆ. ಮಾಲಿನ್ಯ ಕಡಿಮೆಯಿದ್ದರೆ ಮೇಲೆ ಹೊಸ ಮಣ್ಣು ತಾನಾಗಿ ಕೂರಲು ಬಿಟ್ಟು ಆಗಾಗ ಪರೀಕ್ಷಿಸುತ್ತಿರುವುದು ಒಂದು. ಮರಳಿನ, ಜೇಡಿಯ ಹೊದಿಕೆ ಹಾಕಿ ಮುಚ್ಚುವುದು ಇನ್ನೊಂದು. ಬೇಸಿಗೆಯಲ್ಲಿ ಬತ್ತಿ ಬಿರುಕು ಬಿಡುವ, ದನಕರು ಓಡಾಡುವ ನಮ್ಮ ಕೆರೆಗಳಿಗೆ ಇದು ಅಷ್ಟು ಒಗ್ಗದು. ಮೂರನೆಯದು ತೆಗೆಯುವುದು. ತೆಗೆದದ್ದನ್ನು ವಿಂಗಡಿಸಬೇಕು: ಚೊಕ್ಕಟವಾದದ್ದು ಹೊಲಕ್ಕೆ, ನಡುವಿನದ್ದು ಏರಿ-ರಸ್ತೆ ತುಂಬಲು, ತೀರಾ ಕೆಟ್ಟದ್ದು ಪ್ಲಾಸ್ಟಿಕ್ ಹಾಸಿನ ಸುರಕ್ಷಿತ ಗುಂಡಿಗೆ. ಅಂಥ ಅಪಾಯಕಾರಿ ತ್ಯಾಜ್ಯಕ್ಕೆಂದೇ ಮಾಡಿದ ವಿಲೇವಾರಿ ಕೇಂದ್ರ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿದೆ.

ಇದಕ್ಕೆ ತಗಲುವ ಕಾಲ-ಖರ್ಚನ್ನು ತಿಳಿಯಲು ಜಪಾನಿನ ಮಿನಮಾಟ ಕೊಲ್ಲಿಯ ಕಥೆ ಸಾಕು. ಅಲ್ಲಿ ಒಂದು ರಾಸಾಯನಿಕ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸವನ್ನು ನೀರಿಗೆ ಬಿಟ್ಟಿತು. ಮೀನು ತಿಂದವರ ನರಮಂಡಲ ಕುಸಿಯಿತು. ಗರ್ಭದಲ್ಲಿದ್ದ ಮಕ್ಕಳೂ ಪಾರಾಗಲಿಲ್ಲ. ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಕೊಲ್ಲಿಯ ಹೂಳನ್ನು ತೆಗೆಯಲು 1977ರಿಂದ 1990ರವರೆಗೆ ಹಿಡಿಯಿತು. ಸುಮಾರು 15 ಲಕ್ಷ ಘನಮೀಟರ್ ಕೆಸರನ್ನು ಎತ್ತಿ, ಕೊಲ್ಲಿಯದೇ ಒಂದು ಭಾಗಕ್ಕೆ ಗೋಡೆ ಕಟ್ಟಿ ತುಂಬಿಸಿ, ಮೇಲೆ ಒಳ್ಳೆಯ ಮಣ್ಣು ಮುಚ್ಚಿದರು. ಹಾಗೆ ಆದ 58 ಹೆಕ್ಟೇರ್ ನೆಲದ ಮೇಲೆ ಇಂದು ಉದ್ಯಾನವಿದೆ. ನಮ್ಮ ಕೆರೆಗಳು ಮಿನಮಾಟ ಅಲ್ಲ. ಆದರೂ ಬಿಡುವುದು ಸುಲಭ, ಬಳಿಯುವುದು ಕಷ್ಟ ಎಂಬ ಪಾಠ ಎಲ್ಲರಿಗೂ ಒಂದೇ.

ತರಗತಿಯಿಂದ ಕೆರೆಯವರೆಗೆ

ವಿದ್ಯಾರ್ಥಿಗಳು ಒಂದು ಸಣ್ಣ ಪ್ರಯೋಗ ಮಾಡಬಹುದು. ಶಾಲೆಯ ತೋಟದ ಮಣ್ಣು, ಮರಳು ಬೆರೆತ ಮಣ್ಣು ಎರಡನ್ನೂ ಬೇರೆ ಬೇರೆ ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದಲ್ಲಿ ಕೂರುತ್ತದೆ. ಜೇಡಿ ದಿನಗಟ್ಟಲೆ ತೇಲುತ್ತದೆ. ಲೋಹಗಳು ಹೆಚ್ಚಾಗಿ ಅಂಟುವುದು ಆ ತೇಲುವ ಜೇಡಿಗೆ. ಹೂಳೆತ್ತುವಾಗ ನೀರು ಕದಡಿದರೆ ಕೊಳೆ ಕೆಳಗಿನ ಕೆರೆಗೆ ಹೋಗುವುದು ಹೇಗೆಂದು ಆ ಬಾಟಲಿಯೇ ತೋರಿಸುತ್ತದೆ. ಕೊಳಚೆ ಕೆರೆಯ ಕೆಸರನ್ನು ಮಾತ್ರ ಮಕ್ಕಳು ಬರಿಗೈಯಲ್ಲಿ ಮುಟ್ಟಬಾರದು.

ಹೂಳನ್ನು ಹೊಲಕ್ಕೆ ಹಾಕಿಸಬೇಕೆಂದಿರುವ ಮನೆಯವರು ಒಂದು ಸಂಗತಿ ತಿಳಿದಿರಬೇಕು. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು, ತಾಮ್ರ ಮುಂತಾಗಿ 12 ಅಂಶಗಳಿವೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಅದರಲ್ಲಿಲ್ಲ. ಚೀಟಿ ಚೆನ್ನಾಗಿದೆ ಎಂದರೆ ಬೆಳೆಗೆ ಆಹಾರ ಇದೆ ಎಂದಷ್ಟೇ ಅರ್ಥ, ವಿಷವಿಲ್ಲ ಎಂದಲ್ಲ. ಚರಂಡಿ ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯಾದರೆ ಈ ಲೋಹಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕು. ಎಲ್ಲಿ, ಹೇಗೆ ಎಂದು ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಒಬ್ಬೊಬ್ಬ ರೈತರ ಬದಲು ಪಂಚಾಯಿತಿಯೇ ಇಡೀ ಕೆರೆಗೆ ಒಮ್ಮೆ ಮಾಡಿಸಿದರೆ ಖರ್ಚೂ ಹಂಚಿಹೋಗುತ್ತದೆ. ಪರೀಕ್ಷೆ ಆಗದ ಹೂಳನ್ನು ಪಾಲಕ್, ದಂಟಿನಂಥ ಸೊಪ್ಪಿನ ಮಡಿಗೆ ಹಾಕದಿರುವುದು ಒಳ್ಳೆಯದು. ಕ್ಯಾಡ್ಮಿಯಂ ಸೊಪ್ಪಿಗೆ ಬೇಗ ಏರುತ್ತದೆ.

ನಿಮ್ಮೂರ ಕೆರೆಯ ಹೂಳೆತ್ತಲು ಗ್ರಾಮಸಭೆಯಲ್ಲಿ ತೀರ್ಮಾನವಾದರೆ ಒಂದೇ ಪ್ರಶ್ನೆ ಕೇಳಿ: 'ಹೂಳಿನ ಪರೀಕ್ಷೆ ಆಗಿದೆಯೇ, ವರದಿ ಎಲ್ಲಿ?' ಒಳ್ಳೆಯ ವರದಿ ಬಂದರೆ ಅಜ್ಜಂದಿರ ಹಾಗೆ ನಿಶ್ಚಿಂತೆಯಿಂದ ಗೋಡು ಹೊಡೆಯಬಹುದು. ಕೆಟ್ಟ ವರದಿ ಬಂದರೆ ಆ ಮಣ್ಣು ಮಕ್ಕಳ ತಟ್ಟೆಯವರೆಗೆ ಬರುವ ಮೊದಲೇ ಗೊತ್ತಾಯಿತಲ್ಲ ಎಂದು ಸಮಾಧಾನ ಪಡಬಹುದು.