ತಣ್ಣಗಿನ ಇಂಜಿನಿಗೆ ಎಷ್ಟು ಪೆಟ್ರೋಲು?

ಚಳಿಗಾಲದ ಮುಂಜಾವಿನಲ್ಲಿ ಹಳೆಯ ಮೋಟಾರು ಕಾರೊಂದು ಹೊರಡಲೊಲ್ಲದೆ ಕೆಮ್ಮುವ ಸದ್ದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಈಗಿನ ಕಾರುಗಳಲ್ಲಿ ಆ ಸದ್ದಿಲ್ಲ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರಿನಲ್ಲಿ ಬೀದಿಯಿಂದ ಮರೆಯಾದವು. ಆದರೂ ಸ್ವಂತಕ್ಕೆಂದು ಆ ಕಾರನ್ನು ಇಟ್ಟುಕೊಂಡವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅಂಥದೊಂದು ಕಾರಿನ ಮುಂದೆ ನಾವೂ ನಮ್ಮ ಹತ್ತನೆಯ ತರಗತಿಯ ಇಬ್ಬರು ಹುಡುಗರೂ ಕ್ರಿಸ್ಮಸ್ ರಜೆಯ ಕೆಲವು ಬೆಳಗುಗಳನ್ನು ಕಳೆದೆವು. ಅಲ್ಲಿ ಕಲಿತುದನ್ನು, ಕಲಿಯುವ ಮುನ್ನ ಕೆಡಿಸಿದ್ದನ್ನೂ ಮರೆಮಾಚದೆ, ಇಲ್ಲಿ ಬರೆಯುತ್ತಿದ್ದೇವೆ.

ಕಾರಿನ ಒಡೆಯರು ಕುಂದಾಪುರದ ಕಡೆಯವರು. ಚಿಕ್ಕದೊಂದು ಕ್ಯಾಂಟೀನು ನಡೆಸುತ್ತಾರೆ. ನಮ್ಮ ಹುಡುಗರಲ್ಲೊಬ್ಬನಿಗೆ ಸೋದರಮಾವ. ಬೆಳಗಿನ ನಾಲ್ಕೂವರೆಗೆ ದಾದರಿನ ತರಕಾರಿ ಪೇಟೆಗೆ ಹೋಗಿ ಬರುವುದು ಅವರ ನಿತ್ಯದ ಪರಿಪಾಠ. ಕಾರು ಹೊರಡುವುದೇನೋ ಹೊರಡುತ್ತಿತ್ತು. ಆದರೆ ಆಕ್ಸಿಲರೇಟರನ್ನು ಒತ್ತಿದೊಡನೆ ಬಿಕ್ಕಳಿಸಿ ನಿಂತುಬಿಡುತ್ತಿತ್ತು. ಆದುದರಿಂದ ಅವರು ಚೋಕಿನ ಗುಂಡಿಯನ್ನು ಅರ್ಧ ಎಳೆದಿಟ್ಟುಕೊಂಡೇ ದಾದರಿನವರೆಗೂ ಓಡಿಸುತ್ತಿದ್ದರು. ಪೆಟ್ರೋಲಿನ ಖರ್ಚು ಏರುತ್ತ ಹೋಯಿತು. ಹಿಂದಿನ ಕೊಳವೆಯಿಂದ ಕರಿ ಹೊಗೆ. “ಮಾಸ್ಟ್ರೇ, ವಿಜ್ಞಾನ ಕಲಿಸ್ತೀರಲ್ಲ, ಇದಕ್ಕೆ ಎಂತ ಆಗಿದೆ ನೋಡಿ” ಎಂದರು. ನಾವೂ ಬಿಗುಮಾನದಿಂದ ಒಪ್ಪಿಕೊಂಡೆವು.

ಮೊದಲು ತತ್ತ್ವವನ್ನು ತಿಳಿಯೋಣ. ಒಂದು ತೂಕ ಪೆಟ್ರೋಲು ಸಂಪೂರ್ಣವಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲಿಗೆ ಒಂಬತ್ತು ಸಾವಿರ ಲೀಟರಿನಷ್ಟು ಗಾಳಿ! ಈ ಎರಡನ್ನು ಹದವಾಗಿ ಬೆರೆಸುವ ಉಪಕರಣವೇ ಕಾರ್ಬ್ಯುರೇಟರು. ಪೆಟ್ರೋಲಿನ ಪಾಲು ಹೆಚ್ಚಾದರೆ ಮಿಶ್ರಣ ದಟ್ಟವಾಯಿತೆನ್ನುತ್ತೇವೆ, ಕಡಿಮೆಯಾದರೆ ತೆಳುವಾಯಿತೆನ್ನುತ್ತೇವೆ. ಗ್ಯಾರೇಜಿನವರಿಗೆ ಇವೇ ‘ರಿಚ್’, ‘ಲೀನ್’.

ಒಂದೇ ಹದ ಎಲ್ಲ ಹೊತ್ತಿಗೂ ಸಾಲದೇ ಎಂದು ನೀವು ಕೇಳಬಹುದು. ಸಾಲದು. ದ್ರವರೂಪದ ಪೆಟ್ರೋಲು ಸಿಲಿಂಡರಿನಲ್ಲಿ ಸರಿಯಾಗಿ ಉರಿಯದು; ಉರಿಯುವುದು ಅದರ ಆವಿ. ಇಂಜಿನು ತಣ್ಣಗಿದ್ದಾಗ ಪೆಟ್ರೋಲಿನ ಬಹುಪಾಲು ಆವಿಯಾಗದೆ ಕೊಳವೆಯ ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಊರಿನಲ್ಲಿ ಅಜ್ಜಿ ಬಚ್ಚಲೊಲೆ ಹೊತ್ತಿಸುವುದನ್ನು ಕಂಡವರು ಬಲ್ಲರು: ಮೊದಲು ಒಣ ಸೋಗೆಯನ್ನು ಧಾರಾಳವಾಗಿ ತುರುಕಬೇಕು, ಬೆಂಕಿ ಹಿಡಿದ ಮೇಲೆ ಒಂದು ಕೊರಡು ಸಾಕು. ಹಾಗೆಯೇ ತಣ್ಣಗಿನ ಇಂಜಿನಿಗೆ ಪೆಟ್ರೋಲನ್ನು ಹೆಚ್ಚಾಗಿ ಕೊಡಬೇಕು, ಅದರಲ್ಲಿ ಆವಿಯಾಗುವಷ್ಟು ಭಾಗವಾದರೂ ಉರಿಯಲೆಂದು. ಚೋಕಿನ ಕೆಲಸ ಇದೇ. ಗುಂಡಿಯನ್ನು ಎಳೆದರೆ ಗಾಳಿಯ ದಾರಿಗೆ ಅಡ್ಡವಾಗಿ ಒಂದು ತಗಡು ಮುಚ್ಚಿಕೊಳ್ಳುತ್ತದೆ. ಅದರ ಕೆಳಗೆ ಇಂಜಿನಿನ ಹೀರುವಿಕೆ ಬಲವಾಗಿ, ಪೆಟ್ರೋಲು ಹೆಚ್ಚು ಬರುತ್ತದೆ. ಇಂಜಿನು ಬಿಸಿಯಾದಂತೆ ಗುಂಡಿಯನ್ನು ಒಳಗೆ ತಳ್ಳುತ್ತ ಬರಬೇಕು. ತಳ್ಳದಿದ್ದರೆ ಸ್ಪಾರ್ಕ್ ಪ್ಲಗ್ಗುಗಳಿಗೆ ಮಸಿ ಕಟ್ಟುತ್ತದೆ. ಹೆಚ್ಚಾದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಹಾಕಿ ಸವೆತವನ್ನು ತರುತ್ತದೆ.

ಈಗ ನಮ್ಮ ಪ್ರತಾಪವನ್ನು ಕೇಳಿ. ಬಿಕ್ಕಳಿಕೆ ತೆಳು ಮಿಶ್ರಣದ ಲಕ್ಷಣವೆಂದು ಪುಸ್ತಕದಲ್ಲಿ ಓದಿದ್ದೆವು. ಮಿಶ್ರಣದ ತಿರುಪನ್ನು ಎರಡು ಸುತ್ತು ಸಡಿಲಿಸಿ, ಅದರೊಂದಿಗೆ ವೇಗದ ತಿರುಪನ್ನೂ ಬಿಗಿಮಾಡಿ, ಇಂಜಿನು ಗುರ್ರೆಂದು ಓಡುವುದನ್ನು ಕಂಡು ಹಿಗ್ಗಿದೆವು. ಮರುದಿನ ಬೆಳಗಿನ ನಾಲ್ಕು ಗಂಟೆಗೆ ಕಾರು ಹೊರಡಲೇ ಇಲ್ಲ. ಪ್ಲಗ್ಗುಗಳನ್ನು ಬಿಚ್ಚಿದರೆ ಕರಿ ಮಸಿ, ಮೇಲೆ ಪೆಟ್ರೋಲಿನ ಒದ್ದೆ. ಹಿರಿಯರು ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ರೈಲಿನಲ್ಲಿ ಹೋದರು, ಹೊತ್ತಾಗಿ ಬಂದರು. ಆ ದಿನ ಸಾಂಬಾರಿಗೆ ಬರಿಯ ಈರುಳ್ಳಿಯೇ ಗತಿಯಾಯಿತು. ಅವರು ಒಂದು ಮಾತನ್ನೂ ಆಡಲಿಲ್ಲ. ಅದು ನಮಗೆ ಬೈಗುಳಕ್ಕಿಂತ ಭಾರವಾಯಿತು.

ಅಂದೇ ಪಕ್ಕದ ಓಣಿಯ ವೃದ್ಧ ಮೇಸ್ತ್ರಿಗಳ ಗ್ಯಾರೇಜಿಗೆ ಕಾರನ್ನು ತಳ್ಳಿಕೊಂಡು ಹೋದೆವು. ಪ್ಲಗ್ಗುಗಳನ್ನು ಉಜ್ಜಿ, ಕಾರನ್ನು ಚಾಲೂ ಮಾಡಿ, ಮೇಸ್ತ್ರಿಗಳು ಚಹಾಕ್ಕೆ ಹೋದಾಗ ಚಳಿಯೆಂದು ಶಟರನ್ನು ಅರ್ಧ ಇಳಿಸಿ ಕುಳಿತಿದ್ದೆವು. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ತಲೆನೋವೆಂದನು. ನಸುಕಿನಲ್ಲಿ ಎದ್ದುದರ ಫಲವೆಂದುಕೊಂಡೆವು. ಮೇಸ್ತ್ರಿಗಳು ಓಡಿಬಂದು ಶಟರನ್ನು ಮೇಲಕ್ಕೆತ್ತಿ, ಇಂಜಿನು ನಿಲ್ಲಿಸಿ, ನಮ್ಮೆಲ್ಲರನ್ನೂ ಬೀದಿಗೆ ಅಟ್ಟಿದರು. ದಟ್ಟ ಮಿಶ್ರಣಕ್ಕೆ ಆಮ್ಲಜನಕ ಸಾಲದೆ ಪೆಟ್ರೋಲು ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡು ಹೇರಳವಾಗಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು ಅದರ ಮೊದಲ ಸೂಚನೆ. ಆಮೇಲಿನದು ಮೂರ್ಛೆ, ಮರಣ. ಮುಚ್ಚಿದ ಜಾಗದಲ್ಲಿ ಇಂಜಿನನ್ನು ಎಂದಿಗೂ ಓಡಿಸಬೇಡಿರಿ. ಪಾಠ ಹೇಳುವ ನಾವೇ ಮರೆತೆವೆಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಮೇಸ್ತ್ರಿಗಳು ಕೇಳಿದ್ದು ಒಂದೇ ಪ್ರಶ್ನೆ: “ಬಿಸಿಯಾದ ಮೇಲೂ ಕೆಮ್ಮತ್ತೋ ಇಲ್ವೋ, ನೋಡಿದ್ರಾ ಮಾಸ್ಟ್ರೇ?” ನೋಡಿರಲಿಲ್ಲ. ಬಯಲಿನಲ್ಲಿ ನಿಲ್ಲಿಸಿ, ಪೂರ್ತಿ ಬಿಸಿಮಾಡಿ, ಚೋಕನ್ನು ಒಳಗೆ ತಳ್ಳಿ ಆಕ್ಸಿಲರೇಟರು ಒತ್ತಿದರೆ ಆಗಲೂ ಅದೇ ಬಿಕ್ಕಳಿಕೆ! ಅಂದಮೇಲೆ ದೋಷವು ಚಳಿಯದಲ್ಲ. ಇಂಜಿನು ನಿಲ್ಲಿಸಿ, ಗಾಳಿಯ ಶೋಧಕವನ್ನು ತೆಗೆದು, ಕಾರ್ಬ್ಯುರೇಟರಿನ ಕೊರಳೊಳಗೆ ನೋಡುತ್ತ ಥ್ರಾಟಲನ್ನು ಕೈಯಿಂದ ತೆರೆಯಲು ಹೇಳಿದರು. ಚಿಮ್ಮಬೇಕಾದ ಪೆಟ್ರೋಲಿನ ಎಳೆ ಚಿಮ್ಮಲಿಲ್ಲ. ಎರಡು ಹನಿ ತೊಟ್ಟಿಕ್ಕಿತು, ಅಷ್ಟೆ.

ಥ್ರಾಟಲನ್ನು ಥಟ್ಟನೆ ತೆರೆದಾಗ ಹಗುರವಾದ ಗಾಳಿ ಕೂಡಲೇ ನುಗ್ಗುತ್ತದೆ. ಭಾರವಾದ ಪೆಟ್ರೋಲು ಹಿಂದೆ ಬೀಳುತ್ತದೆ. ಸಾಲದೆಂಬಂತೆ, ಕೊಳವೆಯೊಳಗಿನ ಒತ್ತಡ ಏರಿದ್ದರಿಂದ ಇನ್ನಷ್ಟು ಪೆಟ್ರೋಲು ಗೋಡೆಗೆ ಅಂಟುತ್ತದೆ. ಆ ಒಂದು ಕ್ಷಣದ ಕೊರತೆಯನ್ನು ತುಂಬಲೆಂದು ಆಕ್ಸಿಲರೇಟರಿಗೆ ಜೋಡಿಸಿದ ಪುಟ್ಟ ಪಂಪೊಂದು ಪೆಟ್ರೋಲನ್ನು ಪಿಚಕಾರಿಯಂತೆ ಹಾರಿಸುತ್ತದೆ. ಆ ಪಂಪಿನ ರಬ್ಬರು ಪೊರೆ ಹರಿದಿತ್ತು. ಒಡೆಯರು ಅದನ್ನು ಚೋಕಿನಿಂದ ಮುಚ್ಚಿದ್ದರು. ನಾವು ತಿರುಪಿನಿಂದ ಮುಚ್ಚಹೊರಟಿದ್ದೆವು. ಏರು ಹತ್ತುವಾಗ, ಪೂರ್ಣ ಬಲ ಬೇಕಾದಾಗಲೂ ಮಿಶ್ರಣ 12.5ರಿಂದ 13ಕ್ಕೆ ಒಂದರಂತೆ ದಟ್ಟವಾಗಬೇಕು. ಅದಕ್ಕೆ ಬೇರೆಯೇ ಏರ್ಪಾಡಿದೆ.

ಹೊಸ ಪೊರೆ ಹಾಕಿದ ಮೇಲೆ ಕ್ರಮವಾಗಿ ನಡೆದೆವು. ಮೊದಲು ಬಿಸಿ ಇಂಜಿನಿನ ಹದ. ತಿರುಪನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತಂದು, ಬಳಿಕ ಕಾಲು ಕಾಲು ಸುತ್ತು ಮಾತ್ರ. ಪ್ರತಿ ಸಲವೂ ನಿಂತು ಆಲಿಸಬೇಕು. “ಒಂದ್ ಸಲಕ್ಕೆ ಒಂದೇ ತಿರುಪು” ಎಂದು ಮೇಸ್ತ್ರಿಗಳು ನಮ್ಮ ಕೈಯನ್ನೇ ಹಿಡಿದು ತಡೆದರು. ಸದ್ದು ಅತಿ ಚುರುಕಾಗಿಯೂ ಅತಿ ಸಮವಾಗಿಯೂ ಇರುವ ಎಡೆಯೇ ಹದ. ಇದು ಕೂಡದೆ ಚೋಕಿಗೆ ಕೈಹಚ್ಚಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪನ್ನು ಹೊದಿಸಿದಂತೆ.

ಚೋಕಿನ ಪರೀಕ್ಷೆಯೇ ತಾಳ್ಮೆಯನ್ನು ಬೇಡುವುದು. ಒಮ್ಮೆ ಬಿಸಿಯಾದ ಇಂಜಿನು ಪೂರ್ತಿ ತಣಿಯಲು ಇರುಳೆಲ್ಲ ಬೇಕು. ಆದುದರಿಂದ ಒಂದು ಬೆಳಗಿಗೆ ಒಂದೇ ಪ್ರಯತ್ನ, ತಪ್ಪಿದರೆ ನಾಳೆ. ಹುಡುಗರು ನೋಟುಪುಸ್ತಕದಲ್ಲಿ ದಿನಾಂಕ, ಗಾಳಿಯ ಉಷ್ಣತೆ, ಗುಂಡಿಯನ್ನು ಎಷ್ಟು ಎಳೆದದ್ದು, ಎಷ್ಟು ಹೊತ್ತಿಗೆ ಒಳಗೆ ತಳ್ಳಿದ್ದು, ಸದ್ದು ಹೇಗಿತ್ತು ಎಂಬುದನ್ನೆಲ್ಲ ಬರೆದರು. ಐದು ಬೆಳಗು ಹೀಗೆ ಕಳೆದವು.

ಮೇಸ್ತ್ರಿಗಳ ಮಗ ಹೊಸ ಕಾರುಗಳ ಕೆಲಸ ಬಲ್ಲವನು. ಅವುಗಳಲ್ಲಿ ಚೋಕಿಲ್ಲ, ಕಾರ್ಬ್ಯುರೇಟರಿಲ್ಲ; ಸೂಜಿಬಾಯಿಯ ಇಂಜೆಕ್ಟರುಗಳು ಪೆಟ್ರೋಲು ಚಿಮುಕಿಸುತ್ತವೆ, ಚಿಕ್ಕ ಗಣಕವೊಂದು ಲೆಕ್ಕ ಹಾಕುತ್ತದೆ. ಪಂದ್ಯದ ಕಾರುಗಳನ್ನು ಸಜ್ಜುಗೊಳಿಸುವವರು ಆ ಗಣಕದೊಳಗಿನ ಕೋಷ್ಟಕವನ್ನು ಲ್ಯಾಪ್‌ಟಾಪಿನಲ್ಲಿ ತಿದ್ದುತ್ತಾರೆಂದು ಹೇಳಿ ಒಂದನ್ನು ತೆರೆದು ತೋರಿಸಿದನು. ಒಂದು ಸಾಲಿನಲ್ಲಿ ತಂಪುನೀರಿನ ಉಷ್ಣತೆ, ಅದರೆದುರಿಗೆ ಎಷ್ಟು ಪ್ರತಿಶತ ಹೆಚ್ಚು ಪೆಟ್ರೋಲು. ಇನ್ನೊಂದೆಡೆ, ಥ್ರಾಟಲು ಎಷ್ಟು ವೇಗವಾಗಿ ತೆರೆದರೆ ಎಷ್ಟು ಹೆಚ್ಚುವರಿ. ಹೊಗೆಕೊಳವೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಕಣ್ಣೊಂದು ಹದ ತಪ್ಪಿತೇ ಎಂಬುದನ್ನು ತಿಳಿಸುತ್ತದೆ. ನಮ್ಮ ಹುಡುಗನು ಕೋಷ್ಟಕವನ್ನು ನೋಡಿ, “ಸರ್, ಇದು ನಮ್ಮ ನೋಟುಪುಸ್ತಕವೇ ಅಲ್ಲವೇ?” ಎಂದನು. ಅಲ್ಲಿಯೂ ಬಿಸಿ ಇಂಜಿನಿನ ಹದವೇ ಮೊದಲು, ತಣ್ಣಗಿನದು ಆಮೇಲೆ. ಅಲ್ಲಿಯೂ ತಣ್ಣಗಿನ ಸಾಲನ್ನು ತಿದ್ದಲು ಬೆಳಗಿಗಾಗಿ ಕಾಯಲೇಬೇಕಂತೆ.

ಆರನೆಯ ಬೆಳಗು ಉಷ್ಣತೆ 18 ಡಿಗ್ರಿ. ಗುಂಡಿಯನ್ನು ಪೂರ್ತಿ ಎಳೆದು ಚಾಲೂ ಮಾಡಿ, ಅರ್ಧ ನಿಮಿಷಕ್ಕೆ ಅರ್ಧ ತಳ್ಳಿ, ಮೂರನೆಯ ನಿಮಿಷಕ್ಕೆ ಪೂರ್ತಿ ಒಳಗೆ ಸೇರಿಸಿದೆವು. ಕಾರು ಕೆಮ್ಮಲಿಲ್ಲ. ಹಿರಿಯರು ಚೀಲಗಳನ್ನು ಹಿಂದಿನ ಸೀಟಿಗೆ ಎಸೆದು, “ಬರ್ತೀರಾ ಮಾಸ್ಟ್ರೇ, ದಾದರಿಗೆ?” ಎಂದರು. ನಾವು ಮೂವರೂ ಹತ್ತಿ ಕುಳಿತೆವು.